ಬದುಕುಳಿದವರ ಮಾತನ್ನು ನಮ್ಮ ಮಕ್ಕಳಿಗೆ ಕೇಳಿಸುವುದು ಹೇಗೆ?

ಪ್ರಶ್ನೆ: ನಾನು ಪಾಂಡವಪುರ ತಾಲ್ಲೂಕಿನ ಹಳ್ಳಿಯೊಂದರಲ್ಲಿರುವ ನಿವೃತ್ತ ಪ್ರೌಢಶಾಲಾ ಶಿಕ್ಷಕಿ. ನಾಲ್ಕೈದು ಮಂದಿ ಸೇರಿ ಗ್ರಾಮ ಪಂಚಾಯಿತಿ ಗ್ರಂಥಾಲಯದಲ್ಲಿ ಶನಿವಾರ ಮಧ್ಯಾಹ್ನ ಎಂಟರಿಂದ ಹತ್ತನೆಯ ತರಗತಿಯ ಮಕ್ಕಳಿಗಾಗಿ ಓದು, ಚರ್ಚೆ ನಡೆಸುತ್ತಿದ್ದೇವೆ. ಡಿಸೆಂಬರ್ 9ರ ಆಸುಪಾಸಿನಲ್ಲಿ, ಜಗತ್ತಿನ ನರಮೇಧಗಳಲ್ಲಿ ಬದುಕುಳಿದವರ ಕಥೆಗಳ ಮೂಲಕ ಮಕ್ಕಳಿಗೆ ನೀತಿಪಾಠ ಹೇಳುವ ಕಾರ್ಯಕ್ರಮ ಮಾಡಬೇಕೆಂದಿದ್ದೇವೆ. ಮಕ್ಕಳ ಎದೆಗೆ ಹಳದಿ ನಕ್ಷತ್ರ ಅಂಟಿಸಿ ಕಿರುನಾಟಕ ಆಡಿಸುವ, ನಾಜಿಗಳ ಯಾತನಾ ಶಿಬಿರಗಳ ಚಿತ್ರ ತೋರಿಸುವ ಯೋಚನೆ ಇದೆ. ಕೆಲವು ಪೋಷಕರು 'ಎಲ್ಲಿಯದೋ ಸಾವಿನ ಕಥೆ ನಮ್ಮ ಮಕ್ಕಳಿಗೆ ಯಾಕೆ' ಎನ್ನುತ್ತಿದ್ದಾರೆ. ಎಲ್ಲಿಂದ ಆರಂಭಿಸಬೇಕು, ಏನನ್ನು ಬಿಡಬೇಕು?

ಉತ್ತರ: ನಾಟಕದ ಮಾತನ್ನು ಮೊದಲು ಮುಗಿಸುತ್ತೇನೆ ಮೇಡಂ. ದಯವಿಟ್ಟು ಅದನ್ನು ಕೈಬಿಡಿ. ನಿಮ್ಮ ಉದ್ದೇಶದ ಬಗ್ಗೆ ನನಗೆ ಅನುಮಾನವಿಲ್ಲ. ಮೈಸೂರಿನಲ್ಲಿ ಶಿಕ್ಷಕರ ತರಬೇತಿಗೆ ಬಂದ ಹೊಸತರಲ್ಲಿ ನಾನೂ ಹೀಗೆಯೇ ಯೋಚಿಸುತ್ತಿದ್ದೆ. ಹಿಟ್ಲರ್ ಆಳುತ್ತಿದ್ದ ಜರ್ಮನಿಯಲ್ಲಿ 1941ರ ಸೆಪ್ಟೆಂಬರ್‌ನಲ್ಲಿ ಆರು ವರ್ಷ ತುಂಬಿದ ಪ್ರತಿಯೊಬ್ಬ ಯಹೂದಿಯೂ ಹಳದಿ ನಕ್ಷತ್ರ ಧರಿಸಿಯೇ ಬೀದಿಗಿಳಿಯಬೇಕು ಎಂಬ ಆಜ್ಞೆ ಬಂತು. ಒಂದನೆಯ ತರಗತಿಯ ವಯಸ್ಸಿನ ಮಗು ಅದು. ನಿಮ್ಮ ಗ್ರಂಥಾಲಯದ ಮಗು ನಾಟಕ ಮುಗಿದ ಕೂಡಲೇ ನಕ್ಷತ್ರವನ್ನು ಕಿತ್ತು ಮೇಜಿನ ಮೇಲಿಟ್ಟು ಆಟಕ್ಕೆ ಓಡುತ್ತದೆ. ಆ ಕಾಲದ ಮಗುವಿನ ಭಯ ಅದಕ್ಕೆ ತಿಳಿದಿರುವುದಿಲ್ಲ, ತಿಳಿಯಿತು ಎಂಬ ಭ್ರಮೆ ಮಾತ್ರ ಅಂಟಿಕೊಂಡಿರುತ್ತದೆ. ಕಾವಲುಗಾರನ ಪಾತ್ರ ಸಿಕ್ಕ ಹುಡುಗನ ಪಾಡು ಇನ್ನೂ ಕಷ್ಟ. ಕೂಗಿ ಗದರಿಸುವ ಆ ಪಾತ್ರದಲ್ಲಿ ಅವನಿಗೆ ಖುಷಿ ಸಿಗುತ್ತದೆ, ಚಪ್ಪಾಳೆಯೂ ಸಿಗುತ್ತದೆ.

ನಮ್ಮ ಹಳ್ಳಿಗಳಿಗೆ ಸೇರಿದ ಒಂದು ಮಾತೂ ಇದೆ. ನಿಮ್ಮ ಮುಂದೆ ಕುಳಿತ ಮಕ್ಕಳಲ್ಲಿ ಯಾರ ಮನೆಯವರು ಯಾರ ಮನೆಯ ಜಗಲಿಯಾಚೆ ನಿಂತು ಮಾತನಾಡುತ್ತಾರೆ ಎಂಬುದು ಎಲ್ಲ ಮಕ್ಕಳಿಗೂ ಗೊತ್ತಿರುತ್ತದೆ. ಬೇರೆ ಲೋಟದಲ್ಲಿ ನೀರು ಕುಡಿದ ಮಗುವಿನ ಕೈಯಲ್ಲಿ ಅವಮಾನದ ಅಭಿನಯ ಮಾಡಿಸಲು ನಮಗೆ ಯಾವ ಹಕ್ಕಿದೆ? ಈ ವಿಷಯದಲ್ಲಿ ದಶಕಗಳಿಂದ ಕೆಲಸ ಮಾಡಿರುವ ವಾಷಿಂಗ್ಟನ್‌ನ ಹಾಲೊಕಾಸ್ಟ್ (ನಾಜಿಗಳು ನಡೆಸಿದ ಯಹೂದಿಗಳ ಹತ್ಯೆ) ಸ್ಮಾರಕ ವಸ್ತುಸಂಗ್ರಹಾಲಯವೂ ಇಂತಹ ಅನುಕರಣೆಯ ಚಟುವಟಿಕೆಗಳು ಬೇಡವೆಂದೇ ಶಿಕ್ಷಕರಿಗೆ ಹೇಳುತ್ತದೆ. ನಾಟಕದ ಬದಲು ವಾಚನ ಇಟ್ಟುಕೊಳ್ಳಿ. ಗಮಕಿಯೊಬ್ಬರು ಕುಳಿತು ಓದುವುದನ್ನು ಊರಿಗೆ ಊರೇ ಕೇಳುತ್ತಿದ್ದ ನಾಡು ನಮ್ಮದು. ವೇಷವಿಲ್ಲದೆ, ಅಳುವ ಸಂಗೀತವಿಲ್ಲದೆ, ಒಬ್ಬರು ನಿಧಾನವಾಗಿ ಓದಿದರೆ ಮಕ್ಕಳು ಕೇಳುತ್ತಾರೆ.

ಚಿತ್ರಗಳ ವಿಷಯ ಹೇಳುವಾಗ ನನ್ನದೇ ತಪ್ಪೊಂದನ್ನು ಹೇಳಬೇಕು. ಸುಮಾರು ಹದಿನೈದು ವರ್ಷಗಳ ಹಿಂದೆ ಮೈಸೂರಿನ ಒಂದು ಶಾಲೆಯಲ್ಲಿ ಎಂಟನೆಯ ತರಗತಿಯ ಮಕ್ಕಳಿಗೆ, ಯುದ್ಧದ ಕೊನೆಯಲ್ಲಿ ಶಿಬಿರವೊಂದರಲ್ಲಿ ತೆಗೆದ ಚಿತ್ರಗಳನ್ನು ತೋರಿಸಿದೆ. ಹೆಣಗಳನ್ನು ಯಂತ್ರದಿಂದ ಗುಂಡಿಗೆ ತಳ್ಳುವ ದೃಶ್ಯಗಳು. ಮಕ್ಕಳ ಮನಸ್ಸಿಗೆ ನಾಟಬೇಕು ಎಂಬುದಷ್ಟೇ ನನ್ನ ತಲೆಯಲ್ಲಿತ್ತು. ಊಟದ ಗಂಟೆ ಹೊಡೆದಾಗ ಮೂರನೆಯ ಬೆಂಚಿನ ಹುಡುಗಿಯೊಬ್ಬಳು ಡಬ್ಬಿಯ ಮುಚ್ಚಳದ ಮೇಲೆ ಕೈಯಿಟ್ಟುಕೊಂಡು ಕುಳಿತೇ ಇದ್ದಳು. ಎರಡು ದಿನ ಅವಳು ಸರಿಯಾಗಿ ಊಟ ಮಾಡಲಿಲ್ಲ. ಮೂರನೆಯ ದಿನ ಅವಳ ತಾಯಿ ಬಂದರು. ಜಗಳವಾಡಲಿಲ್ಲ. 'ಸರ್, ನೀವು ತೋರಿಸಿದ್ದು ಯಾರನ್ನು?' ಎಂದು ಕೇಳಿದರು. ನನ್ನ ಬಳಿ ಉತ್ತರವಿರಲಿಲ್ಲ. ಆ ಚಿತ್ರದಲ್ಲಿದ್ದ ಒಬ್ಬರ ಹೆಸರನ್ನೂ ನಾನು ಹೇಳಿರಲಿಲ್ಲ, ಅವರಲ್ಲಿ ಒಬ್ಬರ ಹೆಸರೂ ನನಗೆ ತಿಳಿದಿರಲಿಲ್ಲ. ಕೊಂದವರು ಅವರನ್ನು ರಾಶಿಯಾಗಿ ಕಂಡಿದ್ದರು. ನಾನೂ ಮಕ್ಕಳಿಗೆ ರಾಶಿಯಾಗಿಯೇ ತೋರಿಸಿದ್ದೆ.

ಅಂದಿನಿಂದ ಹೆಣದ ಚಿತ್ರ ತೋರಿಸುವುದನ್ನು ಪೂರ್ತಿ ನಿಲ್ಲಿಸಿದ್ದೇನೆ. ಬದುಕಿನ ಚಿತ್ರ ತೋರಿಸುತ್ತೇನೆ: ಮದುವೆ ಮನೆಯಲ್ಲಿ ತೆಗೆಸಿಕೊಂಡ ಫೋಟೊ, ಶಾಲೆಯ ಮೊದಲ ದಿನದ ಫೋಟೊ, ಅಂಗಡಿಯ ಮುಂದೆ ನಿಂತ ಅಪ್ಪ ಮಕ್ಕಳು. ಯುರೋಪಿನ ಅರವತ್ತು ಲಕ್ಷ ಯಹೂದಿಗಳನ್ನು ನಾಜಿಗಳು ಮತ್ತು ಅವರ ಜೊತೆಗಾರರು ಕೊಂದರು ಎಂಬ ಸಂಖ್ಯೆ ಪಠ್ಯದಲ್ಲಿ ಸಿಗುತ್ತದೆ, ಹೇಳಲೇಬೇಕು. ಅದರ ಅಗಾಧತೆ ಮಗುವಿಗೆ ತಟ್ಟುವುದು ಆ ಅರವತ್ತು ಲಕ್ಷದಲ್ಲಿ ಒಬ್ಬರಿಗೆ ಯಾವ ತಿಂಡಿ ಇಷ್ಟವಿತ್ತು, ಅವರು ತಮ್ಮನೊಡನೆ ಯಾವುದಕ್ಕೆ ಜಗಳವಾಡುತ್ತಿದ್ದರು ಎಂದು ತಿಳಿದ ಮೇಲೆ.

ಈಗ ಪದದ ವಿಷಯ. ಇದು ಪಂಡಿತರ ಚರ್ಚೆ ಎಂದುಕೊಳ್ಳಬೇಡಿ, ಮಕ್ಕಳ ಮುಂದೆ ಅರ್ಧ ಗಂಟೆ ಇದಕ್ಕೆ ಕೊಡಬಹುದು. ನೀವು 'ನರಮೇಧ' ಎಂದು ಬರೆದಿದ್ದೀರಿ. ಪತ್ರಿಕೆಗಳು 'ಮಾರಣಹೋಮ' ಎಂದೂ ಬರೆಯುತ್ತವೆ. ಎರಡನ್ನೂ ಒಮ್ಮೆ ಕಿವಿಗೊಟ್ಟು ಕೇಳಿ. ಅಶ್ವಮೇಧದ ಮೇಧ, ಗಣಹೋಮದ ಹೋಮ. ಎರಡೂ ಯಜ್ಞದ ಮಾತುಗಳು, ದೇವರಿಗೆ ಅರ್ಪಿಸುವ ಮಾತುಗಳು. ಆ ಜನರನ್ನು ಯಾರೂ ಯಾವ ದೇವರಿಗೂ ಅರ್ಪಿಸಲಿಲ್ಲ. ಹೆಂಗಸರನ್ನು, ಮಕ್ಕಳನ್ನು, ಮುದುಕರನ್ನು ಹಿಡಿದು ಕೊಂದರು, ಅಷ್ಟೇ. ಸೋಜಿಗವೆಂದರೆ ಗ್ರೀಕ್ ಮೂಲದ 'ಹಾಲೊಕಾಸ್ಟ್' ಎಂಬ ಪದಕ್ಕೂ ಪೂರ್ತಿಯಾಗಿ ಸುಟ್ಟ ಆಹುತಿ ಎಂದೇ ಅರ್ಥ. ಈ ಕಾರಣಕ್ಕೆ ಅನೇಕ ಯಹೂದಿಗಳು ಅದನ್ನು ಒಪ್ಪದೆ, ಹೀಬ್ರೂ ಭಾಷೆಯಲ್ಲಿ ಮಹಾವಿಪತ್ತು ಎಂಬ ಅರ್ಥದ 'ಶೋಆ' ಎಂಬ ಪದವನ್ನು ಬಳಸುತ್ತಾರೆ. ನಾನು ತರಗತಿಯಲ್ಲಿ 'ಜನಾಂಗ ಹತ್ಯೆ' ಎನ್ನುತ್ತೇನೆ. ಹತ್ಯೆ ಎಂಬಲ್ಲಿ ಹತ್ಯೆ ಮಾಡಿದವನೊಬ್ಬ ಇರುತ್ತಾನೆ, ಅವನು ಹೊಗೆಯ ಹಿಂದೆ ಅಡಗಿಕೊಳ್ಳಲು ಆಗುವುದಿಲ್ಲ.

ಆ ಪದಕ್ಕೂ ಒಬ್ಬ ಮನುಷ್ಯನ ಕಥೆ ಇದೆ. ಪೋಲೆಂಡಿನ ಯಹೂದಿ ವಕೀಲ ರಾಫೆಲ್ ಲೆಮ್ಕಿನ್ 1944ರಲ್ಲಿ 'ಜೆನೊಸೈಡ್' ಎಂಬ ಪದವನ್ನು ಕಟ್ಟಿದರು. ಅವರ ಬಂಧುಗಳಲ್ಲಿ 49 ಮಂದಿ ಕೊಲೆಯಾಗಿದ್ದರು. ಅದಕ್ಕೂ ಹಿಂದೆ, 1915ರಿಂದ ಆಟೊಮನ್ ಸಾಮ್ರಾಜ್ಯದಲ್ಲಿ ಆರ್ಮೇನಿಯನ್ನರ ಸಾಮೂಹಿಕ ಕೊಲೆ ನಡೆದದ್ದನ್ನು ಕೇಳಿ ತಿಳಿದಾಗಲೇ, ಒಬ್ಬನನ್ನು ಕೊಂದರೆ ಶಿಕ್ಷೆ ಇರುವಾಗ ಒಂದು ಜನಾಂಗವನ್ನೇ ಕೊಂದರೆ ಏಕಿಲ್ಲ ಎಂಬ ಪ್ರಶ್ನೆ ಅವರನ್ನು ಹಿಡಿದಿತ್ತು. 1948ರ ಡಿಸೆಂಬರ್ 9ರಂದು ವಿಶ್ವಸಂಸ್ಥೆ ಇದರ ವಿರುದ್ಧದ ಒಪ್ಪಂದವನ್ನು ಅಂಗೀಕರಿಸಿತು. ನೀವು ಆಯ್ದುಕೊಂಡ ದಿನದ ಮಹತ್ವ ಅದು. ಭಾರತ ಅದನ್ನು 1959ರಲ್ಲಿ ಅನುಮೋದಿಸಿದೆ. ಒಪ್ಪಂದದ ಪ್ರಕಾರ ಒಂದು ರಾಷ್ಟ್ರೀಯ, ಜನಾಂಗೀಯ, ವರ್ಣೀಯ ಅಥವಾ ಧಾರ್ಮಿಕ ಗುಂಪನ್ನು ಪೂರ್ತಿಯಾಗಿಯೋ ಭಾಗಶಃವೋ ನಾಶಮಾಡುವ ಉದ್ದೇಶ ಇರಬೇಕು. ಕೊಲ್ಲುವುದಷ್ಟೇ ಅಲ್ಲ, ಆ ಗುಂಪಿನಲ್ಲಿ ಮಕ್ಕಳು ಹುಟ್ಟದಂತೆ ತಡೆಯುವುದು, ಹುಟ್ಟಿದ ಮಕ್ಕಳನ್ನು ಬಲವಂತವಾಗಿ ಬೇರೆ ಗುಂಪಿಗೆ ಒಯ್ಯುವುದು ಕೂಡ ಇದರೊಳಗೆ ಬರುತ್ತದೆ. ಈ ಅಳತೆಗೋಲು ಮಕ್ಕಳ ಕೈಯಲ್ಲಿದ್ದರೆ ಮುಂದೆ ಯಾರಾದರೂ ಪ್ರತಿ ಗಲಭೆಯನ್ನೂ ಜನಾಂಗ ಹತ್ಯೆ ಎಂದು ಕೂಗಿದಾಗ ಅಥವಾ ನಿಜವಾದದ್ದನ್ನು ಬರಿಯ ಗಲಭೆ ಎಂದು ಮುಚ್ಚಿದಾಗ ಅವರು ನಿಂತು ಯೋಚಿಸುತ್ತಾರೆ.

ಇದೇ ಸಂದರ್ಭದಲ್ಲಿ ಇನ್ನೆರಡು ಪದಗಳನ್ನೂ ಮುಟ್ಟಿ. ನಮ್ಮ ಮನೆಗಳಲ್ಲಿ ಕಟ್ಟುನಿಟ್ಟಿನ ತಂದೆಯನ್ನು, ಶಾಲೆಯಲ್ಲಿ ಬೆತ್ತದ ಮೇಷ್ಟ್ರನ್ನು 'ಹಿಟ್ಲರ್' ಎನ್ನುವ ರೂಢಿ ಇದೆ. ಅದರಿಂದ ಹಿಟ್ಲರ್ ಎಂದರೆ ಶಿಸ್ತಿನ ಮನುಷ್ಯ ಎಂದು ಅನೇಕ ಮಕ್ಕಳು ಪ್ರಾಮಾಣಿಕವಾಗಿ ನಂಬಿರುತ್ತಾರೆ. ಅವರನ್ನು ಗದರಬೇಡಿ. ಆ ಮಾತು ನಮ್ಮಿಂದಲೇ ಅವರಿಗೆ ಹೋಗಿದ್ದು. ಇನ್ನು ಮನೆಬಾಗಿಲಿನ ಸ್ವಸ್ತಿಕದ ಬಗ್ಗೆ ಯಾರಾದರೂ ಕೇಳಿಯೇ ಕೇಳುತ್ತಾರೆ. ಮಂಗಳದ ಚಿಹ್ನೆಯನ್ನು ನಾಜಿಗಳು ತಮ್ಮ ಬಾವುಟಕ್ಕೆ ತೆಗೆದುಕೊಂಡರು, ನಮ್ಮ ಅಜ್ಜಿ ಹಾಕಿದ ರಂಗೋಲಿಗೂ ಅದಕ್ಕೂ ಸಂಬಂಧವಿಲ್ಲ, ಆದರೆ ಬದುಕುಳಿದ ಯಹೂದಿಯೊಬ್ಬರು ಅದನ್ನು ಕಂಡು ಬೆಚ್ಚಿದರೆ ಅದೂ ಸಹಜ ಎಂದು ನೇರವಾಗಿ ಹೇಳಿಬಿಡಿ.

ಈಗ ನಿಮ್ಮ ಮುಖ್ಯ ಪ್ರಶ್ನೆಗೆ ಬರುತ್ತೇನೆ, ಎಲ್ಲಿಂದ ಆರಂಭಿಸಬೇಕು ಎಂಬುದಕ್ಕೆ. ಕೊಲೆಯಿಂದ ಆರಂಭಿಸಬೇಡಿ. ಒಂದು ಕಾಗದದಿಂದ, ಒಂದು ಬೆಂಚಿನಿಂದ ಆರಂಭಿಸಿ. ಮಕ್ಕಳಿಗೆ ಶಾಲೆ ಗೊತ್ತು. ಶಾಲೆಯ ಒಳಗೆ ಏನಾಯಿತು ಎಂದು ಹೇಳಿ. 1933ರ ಏಪ್ರಿಲ್‌ನಲ್ಲಿ, ಹಿಟ್ಲರ್ ಅಧಿಕಾರಕ್ಕೆ ಬಂದು ಮೂರು ತಿಂಗಳೂ ತುಂಬುವ ಮೊದಲು, ಜರ್ಮನಿಯ ಶಾಲೆಗಳಲ್ಲಿ ಯಹೂದಿ ಮಕ್ಕಳ ಪ್ರವೇಶಕ್ಕೆ ಮಿತಿ ಹಾಕುವ ಕಾನೂನು ಬಂತು. ಅದರ ಹೆಸರು ಶಾಲೆಗಳಲ್ಲಿ ಕಿಕ್ಕಿರಿಯುವುದನ್ನು ತಡೆಯುವ ಕಾನೂನು! ಎಷ್ಟು ಸಭ್ಯವಾದ ಹೆಸರು ನೋಡಿ. 1935ರಲ್ಲಿ ನ್ಯೂರೆಂಬರ್ಗ್ ಕಾನೂನುಗಳು ಅವರ ಪೌರತ್ವವನ್ನು ಕಿತ್ತುಕೊಂಡವು. 1938ರ ನವೆಂಬರ್‌ನಲ್ಲಿ ಉಳಿದ ಯಹೂದಿ ಮಕ್ಕಳನ್ನೂ ಸರ್ಕಾರಿ ಶಾಲೆಗಳಿಂದ ಹೊರಹಾಕಲಾಯಿತು. ಮರುದಿನ ಬೆಳಿಗ್ಗೆ ಆ ತರಗತಿಯಲ್ಲಿ ಏನು ನಡೆದಿರಬಹುದು? ಖಾಲಿಯಾದ ಬೆಂಚಿಗೆ ಯಾರು ಹೋಗಿ ಕುಳಿತರು? ಮೇಷ್ಟ್ರು ಹಾಜರಿ ಕೂಗುವಾಗ ಆ ಹೆಸರುಗಳನ್ನು ಬಿಟ್ಟು ಮುಂದೆ ಹೋದಾಗ ಯಾರಾದರೂ ತಲೆಯೆತ್ತಿದರೇ? ಮಕ್ಕಳು ಇದನ್ನು ಬಹಳ ಹೊತ್ತು ಚರ್ಚಿಸುತ್ತಾರೆ. ಶಿಬಿರದ ವಿಷಯ ಬರುವ ಹೊತ್ತಿಗೆ, ಅಲ್ಲಿಗೆ ಹೋಗುವ ದಾರಿಯಲ್ಲಿ ಎಷ್ಟು ಜನ ಸಾಮಾನ್ಯರು ಸಹಿ ಹಾಕಿದ್ದರು, ಹೆಸರು ಹೊಡೆದು ಹಾಕಿದ್ದರು, ಸುಮ್ಮನೆ ಕುಳಿತಿದ್ದರು ಎಂಬುದು ಅವರಿಗೆ ಕಂಡಿರುತ್ತದೆ.

ಆಫ್ರಿಕಾದ ರುವಾಂಡ ದೇಶದ ವಿಷಯ ಹೇಳುವಾಗ ನಾನು ಗುರುತಿನ ಚೀಟಿಯಿಂದ ಆರಂಭಿಸುತ್ತೇನೆ. 1930ರ ದಶಕದಲ್ಲಿ ಬೆಲ್ಜಿಯಂನ ಆಡಳಿತ ಅಲ್ಲಿನ ಪ್ರತಿಯೊಬ್ಬರಿಗೂ ಹುಟು, ಟುಟ್ಸಿ ಅಥವಾ ತ್ವಾ ಎಂದು ಸಮುದಾಯವನ್ನು ನಮೂದಿಸಿದ ಚೀಟಿ ಕೊಟ್ಟಿತು. ಅರವತ್ತು ವರ್ಷಗಳ ನಂತರ, 1994ರ ಏಪ್ರಿಲ್‌ನಿಂದ ಸುಮಾರು ನೂರು ದಿನ, ರಸ್ತೆಗೆ ಅಡ್ಡಗಟ್ಟಿ ನಿಂತ ಹುಟು ಕೊಲೆಗಾರರು ಕೇಳುತ್ತಿದ್ದುದು ಅದೇ ಚೀಟಿಯನ್ನು. ಟುಟ್ಸಿ ಎಂದಿದ್ದರೆ ಅಲ್ಲಿಯೇ ಮಚ್ಚು. ರೇಡಿಯೊ ಕೇಂದ್ರವೊಂದು ಟುಟ್ಸಿಗಳನ್ನು ಜಿರಲೆಗಳು ಎಂದು ಕರೆಯುತ್ತ, ಎಲ್ಲಿ ಅಡಗಿದ್ದಾರೆ ಎಂದು ಹೇಳುತ್ತ ಕೊಲೆಗಾರರನ್ನು ಹುರಿದುಂಬಿಸುತ್ತಿತ್ತು. ಸತ್ತವರು ಸುಮಾರು 8 ಲಕ್ಷ ಎಂಬುದು ಸಾಮಾನ್ಯವಾಗಿ ಹೇಳುವ ಅಂದಾಜು. ಕೊಂದವರಲ್ಲಿ ನೆರೆಹೊರೆಯವರೇ ಬಹಳ.

ಇದನ್ನು ಹೇಳುತ್ತಿದ್ದಾಗ ಒಮ್ಮೆ ಹತ್ತನೆಯ ತರಗತಿಯ ಹುಡುಗಿಯೊಬ್ಬಳು ಎದ್ದು ನಿಂತಳು. 'ಸರ್, ನಮ್ಮ ವರ್ಗಾವಣೆ ಪತ್ರದಲ್ಲೂ ಜಾತಿಯ ಕಾಲಂ ಇದೆಯಲ್ಲ?' ಎಂದಳು. ತರಗತಿ ಒಮ್ಮೆಲೇ ನಿಶ್ಶಬ್ದವಾಯಿತು. ಹಿಂದೆ ಕುಳಿತಿದ್ದ ಶಿಕ್ಷಕರು ನನ್ನ ಮುಖವನ್ನೇ ನೋಡುತ್ತಿದ್ದರು, ವಿಷಯ ಬದಲಿಸಲಿ ಎಂಬಂತೆ. ನಾನು ಬದಲಿಸಲಿಲ್ಲ. ಆ ಕಾಲಂ ನಿನಗೆ ಏನು ಕೊಟ್ಟಿದೆ ಎಂದು ಕೇಳಿದೆ. 'ವಿದ್ಯಾರ್ಥಿವೇತನ ಬಂದಿದೆ' ಎಂದಳು. ಸ್ವಲ್ಪ ಹೊತ್ತು ಬಿಟ್ಟು, 'ಹೊಸ ಶಾಲೆಗೆ ಸೇರಿದ ದಿನ ಅದನ್ನು ಎಲ್ಲರ ಎದುರಿಗೆ ಜೋರಾಗಿ ಓದಿದರು' ಎಂದೂ ಸೇರಿಸಿದಳು. ಆ ದಿನದ ಉಳಿದ ಸಮಯವೆಲ್ಲ ಈ ಎರಡು ಮಾತುಗಳ ಮೇಲೆಯೇ ಹೋಯಿತು. ಶತಮಾನಗಳ ಅನ್ಯಾಯವನ್ನು ಸರಿಪಡಿಸಲು ಕೇಳುವ ಕಾಲಂ ಒಂದು, ದಾರಿಯಲ್ಲಿ ತಡೆದು ಕೊಲ್ಲಲು ಕೇಳುವ ಕಾಲಂ ಇನ್ನೊಂದು. ಎರಡನ್ನೂ ಒಂದೇ ಎಂದರೆ ಸುಳ್ಳಾಗುತ್ತದೆ. ಆದರೆ ಕಾಗದವನ್ನು ಯಾರು, ಯಾವಾಗ, ಯಾವ ದನಿಯಲ್ಲಿ ಓದುತ್ತಾರೆ ಎಂಬುದರಲ್ಲಿ ಇಡೀ ವಿಷಯ ಅಡಗಿದೆ ಎಂದು ಆ ಹುಡುಗಿಯೇ ನಮಗೆ ತೋರಿಸಿಕೊಟ್ಟಳು. ನಾನು ಬರೆದು ತಂದಿದ್ದ ಹತ್ತು ನೀತಿವಾಕ್ಯಗಳನ್ನು ಮಡಚಿ ಜೇಬಿಗಿಟ್ಟುಕೊಂಡೆ.

ಹೀಗಾಗಿ 'ಕಥೆಯ ಮೂಲಕ ನೀತಿಪಾಠ' ಎಂಬ ನಿಮ್ಮ ಮಾತಿನ ಬಗ್ಗೆ ನನಗೊಂದು ತಕರಾರಿದೆ. ಪಂಚತಂತ್ರದ ಆಮೆಯನ್ನು ನೀತಿಗಾಗಿಯೇ ಸೃಷ್ಟಿಸಿದ್ದು. ಬದುಕುಳಿದ ಮನುಷ್ಯ ನಮಗೆ ಪಾಠವಾಗಲು ಅಷ್ಟು ನೋವು ತಿಂದವನಲ್ಲ. ಇದನ್ನು ನಾನು ಕಲಿತದ್ದು ಬೈಲುಕುಪ್ಪೆಯಲ್ಲಿ. ನಮ್ಮ ಮೈಸೂರು ಜಿಲ್ಲೆಯಲ್ಲೇ, ಪಿರಿಯಾಪಟ್ಟಣ ತಾಲ್ಲೂಕಿನಲ್ಲಿ, 1959ರ ನಂತರ ಚೀನಾದ ಆಳ್ವಿಕೆಯಿಂದ ತಪ್ಪಿಸಿಕೊಂಡು ಟಿಬೆಟ್ ಬಿಟ್ಟು ಬಂದವರು ನೆಲೆಸಿದ್ದಾರೆ. ಆಗಿನ ಮೈಸೂರು ರಾಜ್ಯ ಸರ್ಕಾರ ಸುಮಾರು 3000 ಎಕರೆ ಕಾಡು ಭೂಮಿ ಕೊಟ್ಟಿತು. ಆನೆಗಳ ಕಾಟದ ನಡುವೆ ಅದನ್ನು ಕಡಿದು ಮುಸುಕಿನ ಜೋಳ ಬೆಳೆದ ಜನ ಅವರು. ಕೆಲವು ವರ್ಷಗಳ ಹಿಂದೆ ಮಕ್ಕಳ ತಂಡವೊಂದನ್ನು ಅಲ್ಲಿಯ ವೃದ್ಧೆಯೊಬ್ಬರ ಬಳಿಗೆ ಕರೆದೊಯ್ದಿದ್ದೆವು. ಹತ್ತು ವರ್ಷದ ಹುಡುಗಿಯಾಗಿದ್ದಾಗ ಹಿಮದಲ್ಲಿ ನಡೆದು ಬಂದವರು. ಅವರು ಹೇಳುತ್ತಿದ್ದರು, ಮೊಮ್ಮಗ ಕನ್ನಡಕ್ಕೆ ತಿರುಗಿಸುತ್ತಿದ್ದ. ರಾತ್ರಿ ಮನೆ ಬಿಟ್ಟದ್ದು, ಬೂಟಿನೊಳಗೆ ಒಣಹುಲ್ಲು ತುರುಕಿಕೊಂಡದ್ದು, ದಾರಿಯಲ್ಲಿ ಅಣ್ಣನನ್ನು ಕಳೆದುಕೊಂಡದ್ದು. ಮುಗಿದ ಮೇಲೆ ಏಳನೆಯ ತರಗತಿಯ ಹುಡುಗನೊಬ್ಬ ಕೇಳಿದ: 'ಅಜ್ಜಿ, ನಿಮ್ಮ ನಾಯಿ ಏನಾಯಿತು?' ಮಾತಿನ ಆರಂಭದಲ್ಲಿ ಎಲ್ಲೋ ಒಂದು ಕಡೆ ಬಾಗಿಲಲ್ಲಿ ನಾಯಿ ಮಲಗಿತ್ತು ಎಂದಿದ್ದರು. ಅದನ್ನು ಹಿಡಿದುಕೊಂಡಿದ್ದು ಅವನೊಬ್ಬನೇ. ಅವರು ಮೊದಲು ನಕ್ಕರು. ಆಮೇಲೆ ಬಹಳ ಹೊತ್ತು ಮಾತಾಡಲಿಲ್ಲ. ಬೊಗಳಿದರೆ ಊರಿಗೆ ತಿಳಿಯುತ್ತದೆಂದು ಅದನ್ನು ಕಟ್ಟಿಹಾಕಿ ಬಂದಿದ್ದರಂತೆ. ಅರವತ್ತು ವರ್ಷಗಳಲ್ಲಿ ಆ ನಾಯಿಯ ಬಗ್ಗೆ ಯಾರೂ ಕೇಳಿರಲಿಲ್ಲವಂತೆ.

ಅಷ್ಟರಲ್ಲಿ ನಮ್ಮ ತಂಡದವರೊಬ್ಬರು ಎದ್ದು ವಂದನಾರ್ಪಣೆ ಆರಂಭಿಸಿದರು. 'ಇದರಿಂದ ನಾವೆಲ್ಲ ಕಲಿಯಬೇಕಾದದ್ದು ತಾಳ್ಮೆ' ಎಂದರು. ಆ ವೃದ್ಧೆಗೆ ಮೊಮ್ಮಗ ಅದನ್ನು ತಿರುಗಿಸಿ ಹೇಳಿದಾಗ ಅವರು ಏನೂ ಅನ್ನದೆ ಜಪಸರವನ್ನು ಕೈಗೆತ್ತಿಕೊಂಡರು. ನನಗೆ ಈಗಲೂ ಆ ಕ್ಷಣ ನೆನಪಾದರೆ ನೋವಾಗುತ್ತದೆ. ಮಕ್ಕಳು ಒಬ್ಬ ಮನುಷ್ಯರ ಹತ್ತಿರ ಬಂದಿದ್ದರು, ನಾವು ನಡುವೆ ಒಂದು ಸುಭಾಷಿತದ ಫಲಕ ನೆಟ್ಟೆವು. ಆದ್ದರಿಂದ ಯಾರನ್ನಾದರೂ ಕರೆಸುವುದಾದರೆ ವೇದಿಕೆ ಬೇಡ, ಮೈಸೂರು ಪೇಟ ತೊಡಿಸಿ ಸನ್ಮಾನಿಸುವ ಅವಸರ ಬೇಡ. ಚಾಪೆ ಹಾಸಿ ಕೂರಿಸಿ. ಯಾವ ಪ್ರಶ್ನೆ ಕೇಳಬಾರದು ಎಂದು ಅವರನ್ನೇ ಮೊದಲು ಕೇಳಿಕೊಳ್ಳಿ. ಅವರ ಮನೆಯವರೊಬ್ಬರು ಪಕ್ಕದಲ್ಲಿರಲಿ. ನಡುವೆ ನಿಲ್ಲಿಸಿ ಎದ್ದು ಹೋಗುವ ಸ್ವಾತಂತ್ರ್ಯ ಅವರಿಗಿರಲಿ.

ಅವರನ್ನು ಏನೆಂದು ಪರಿಚಯಿಸುತ್ತೀರಿ ಎಂಬುದರಲ್ಲೂ ಎಚ್ಚರ ಬೇಕು. ಅಂತರರಾಷ್ಟ್ರೀಯ ನ್ಯಾಯಶಾಸ್ತ್ರಜ್ಞರ ಆಯೋಗದ ಸಮಿತಿ 1960ರ ವರದಿಯಲ್ಲಿ, ಟಿಬೆಟಿಯನ್ನರನ್ನು ಒಂದು ಧಾರ್ಮಿಕ ಗುಂಪಾಗಿ ನಾಶಮಾಡುವ ಜನಾಂಗ ಹತ್ಯೆಯ ಕೃತ್ಯಗಳು ನಡೆದಿವೆ ಎಂದಿತು. ಜನಾಂಗ ಅಥವಾ ರಾಷ್ಟ್ರವಾಗಿ ನಾಶಮಾಡಿದ್ದಕ್ಕೆ ಸಾಕಷ್ಟು ಪುರಾವೆ ಸಿಗಲಿಲ್ಲ ಎಂದೂ ಅದೇ ವರದಿ ಹೇಳಿತು. ಚೀನಾ ಈ ಆರೋಪಗಳನ್ನು ಒಪ್ಪುವುದಿಲ್ಲ. ಇಷ್ಟನ್ನೂ ಮಕ್ಕಳಿಗೆ ಹೇಳಬಹುದು. ಆ ವೃದ್ಧೆಗೆ ಮಾತ್ರ ಅವರು ತಮ್ಮನ್ನು ಏನೆಂದು ಕರೆದುಕೊಳ್ಳುತ್ತಾರೋ ಅದೇ ಪರಿಚಯ ಸಾಕು.

ಎದುರಿಗೆ ಕೂರುವವರು ಸಿಗದಿದ್ದರೆ ದಾಖಲಾದ ಸಾಕ್ಷ್ಯಗಳಿವೆ. 1994ರಲ್ಲಿ ಅಮೆರಿಕದಲ್ಲಿ ಆರಂಭವಾದ ಶೋಆ ಫೌಂಡೇಶನ್ ಒಂದೇ 50,000ಕ್ಕೂ ಹೆಚ್ಚು ಮಂದಿಯ ಮಾತುಗಳನ್ನು ವಿಡಿಯೊದಲ್ಲಿ ಉಳಿಸಿದೆ. ರುವಾಂಡ, ಆರ್ಮೇನಿಯ, ಕಾಂಬೋಡಿಯದವರ ಮಾತುಗಳೂ ಅದರಲ್ಲಿವೆ. ಪೂರ್ತಿ ತೋರಿಸಬೇಡಿ. ಎಂಟು ಹತ್ತು ನಿಮಿಷದ ಒಂದು ತುಣುಕು ಆಯ್ದು, ನೀವೇ ಮುಂಚಿತವಾಗಿ ಕನ್ನಡಕ್ಕೆ ಬರೆದುಕೊಳ್ಳಿ. ಮೊದಲು ಶಬ್ದದೊಂದಿಗೆ ಮುಖ ತೋರಿಸಿ, ಆಮೇಲೆ ನಿಲ್ಲಿಸಿ ಕನ್ನಡದಲ್ಲಿ ಓದಿ. ಆ ಮುಖ, ಆ ತಡವರಿಕೆ, ನಡುವೆ ನೀರು ಕುಡಿಯುವುದು, ಎಲ್ಲವೂ ಸಾಕ್ಷ್ಯವೇ. ಯುದ್ಧಕ್ಕೆ ಮೊದಲಿನ ಅವರ ಬಾಲ್ಯ ಮತ್ತು ನಂತರದ ಬದುಕು ಎರಡೂ ಆ ತುಣುಕಿನಲ್ಲಿ ಇದ್ದರೆ ಒಳ್ಳೆಯದು. ಅವರು ಮದುವೆಯಾದರು, ಅಂಗಡಿ ಇಟ್ಟರು, ಮೊಮ್ಮಕ್ಕಳನ್ನು ಕಂಡರು ಎಂದು ತಿಳಿದರೆ ಮಕ್ಕಳು ಉಸಿರು ಬಿಟ್ಟು ಮನೆಗೆ ಹೋಗುತ್ತಾರೆ.

ಮಕ್ಕಳಿಗೆ ತಾವೇ ಅಲ್ಲಿದ್ದಿದ್ದರೆ ಎಂಬ ಪ್ರಶ್ನೆ ಏಳುವ ಎರಡು ಘಟನೆಗಳನ್ನು ಹೇಳುತ್ತೇನೆ. ಒಂದು ರುವಾಂಡದ ನ್ಯಾಂಗೆ ಎಂಬಲ್ಲಿಯ ಶಾಲೆಯದು. ಹತ್ಯಾಕಾಂಡ ಮುಗಿದು ಮೂರು ವರ್ಷಗಳಾದ ಮೇಲೆ, 1997ರ ಮಾರ್ಚ್ 18ರ ರಾತ್ರಿ, ಬಂದೂಕುಧಾರಿಗಳು ತರಗತಿಗೆ ನುಗ್ಗಿ ಹುಟುಗಳು ಒಂದು ಕಡೆ, ಟುಟ್ಸಿಗಳು ಒಂದು ಕಡೆ ನಿಲ್ಲಿ ಎಂದರು. ಆ ಹುಡುಗ ಹುಡುಗಿಯರು ಬೇರೆಯಾಗಲಿಲ್ಲ. ನಾವೆಲ್ಲ ರುವಾಂಡದವರು ಎಂದರು. ಬಂದವರು ಗುಂಡು ಹಾರಿಸಿದರು, ಗ್ರೆನೇಡು ಎಸೆದರು. ಆರು ವಿದ್ಯಾರ್ಥಿಗಳು ಸತ್ತರು, ಹಲವರು ಗಾಯಗೊಂಡರು. ಇಂದು ಅವರನ್ನು ಆ ದೇಶ ರಾಷ್ಟ್ರವೀರರೆಂದು ಗೌರವಿಸುತ್ತದೆ. ನಿಮ್ಮ ಮಕ್ಕಳಿಗಿಂತ ಕೆಲವೇ ವರ್ಷ ದೊಡ್ಡವರು.

ಇನ್ನೊಂದು ಇದಕ್ಕೆ ವಿರುದ್ಧವಾದದ್ದು, ಹತ್ತನೆಯ ತರಗತಿಯವರಿಗೆ ಮತ್ತು ಅದಕ್ಕಿಂತ ದೊಡ್ಡವರಿಗೆ ಮಾತ್ರ. 1942ರ ಜುಲೈ 13ರಂದು ಪೋಲೆಂಡಿನ ಯೂಜೆಫುಫ್ ಎಂಬ ಊರಿನಲ್ಲಿ, ಹ್ಯಾಂಬರ್ಗ್‌ನಿಂದ ಬಂದ ಮೀಸಲು ಪೊಲೀಸ್ ದಳದ ಸುಮಾರು 500 ಮಂದಿಗೆ ಅಲ್ಲಿನ ಯಹೂದಿಗಳನ್ನು ಕೊಲ್ಲುವ ಆಜ್ಞೆ ಬಂತು. ಬಹುಪಾಲು ಮಧ್ಯವಯಸ್ಸಿನ, ಸಂಸಾರಸ್ಥ ಗಂಡಸರು. ಈ ಕೆಲಸ ಆಗದು ಎನ್ನುವ ಹಿರಿಯರು ಹೊರಗೆ ಬರಬಹುದು ಎಂದು ಅವರ ಅಧಿಕಾರಿಯೇ ಹೇಳಿದ. ಆ ಗಳಿಗೆಯಲ್ಲಿ ಹೊರಗೆ ಬಂದವರು ಸುಮಾರು ಹನ್ನೆರಡು ಮಂದಿ. ಅವರಿಗೆ ಯಾವ ಶಿಕ್ಷೆಯೂ ಆಗಲಿಲ್ಲ. ಉಳಿದವರು ಏಕೆ ಹೆಜ್ಜೆ ಮುಂದಿಡಲಿಲ್ಲ? ಮಕ್ಕಳು ಕೊಡುವ ಉತ್ತರಗಳನ್ನು ಹಲಗೆಯ ಮೇಲೆ ಬರೆಯುತ್ತ ಹೋಗಿ. 'ಪಕ್ಕದವನು ಏನೆಂದುಕೊಳ್ಳುತ್ತಾನೋ ಎಂದು' ಎಂಬ ಉತ್ತರ ನನಗೆ ಪ್ರತಿ ಬಾರಿಯೂ ಬಂದಿದೆ.

ಕಾಪಾಡಿದವರ ಕಥೆಗಳನ್ನೂ ಹೇಳಿ, ಆದರೆ ಅವುಗಳಿಂದಲೇ ಸಂಜೆ ತುಂಬಿಸಬೇಡಿ. ಜೀವದ ಹಂಗು ತೊರೆದು ಯಹೂದಿಗಳನ್ನು ಕಾಪಾಡಿದ ಪರಧರ್ಮೀಯರೆಂದು ಇಸ್ರೇಲಿನ ಹಾಲೊಕಾಸ್ಟ್ ಸ್ಮಾರಕ ಸಂಸ್ಥೆ ಯಾದ್ ವಾಶೆಮ್ ಗುರುತಿಸಿರುವವರು ಸುಮಾರು 28,000 ಮಂದಿ. ಇಡೀ ಯುರೋಪಿನ ಕೋಟ್ಯಂತರ ಜನರ ಲೆಕ್ಕದಲ್ಲಿ ಅದು ಎಷ್ಟು ಕಡಿಮೆ ಎಂಬುದು ಮಕ್ಕಳಿಗೆ ತಿಳಿಯಬೇಕು.

'ಎಲ್ಲಿಯದೋ ಕಥೆ' ಎನ್ನುವ ಪೋಷಕರಿಗೆ ನಾನಾದರೆ ಬಾಲಾಚಡಿಯ ಕಥೆ ಹೇಳುತ್ತೇನೆ. ಸೋವಿಯತ್ ಆಡಳಿತ ಪೋಲೆಂಡಿನಿಂದ ಸೈಬೀರಿಯ ಮತ್ತಿತರ ಕಡೆಗೆ ಗಡೀಪಾರು ಮಾಡಿದ ಕುಟುಂಬಗಳ ನೂರಾರು ಮಕ್ಕಳು, ಬಹಳಷ್ಟು ಅನಾಥರು, 1942ರಲ್ಲಿ ಗುಜರಾತಿಗೆ ಬಂದರು. ನವಾನಗರದ ಮಹಾರಾಜ ದಿಗ್ವಿಜಯಸಿಂಹಜಿ ತಮ್ಮ ಬೇಸಿಗೆ ಅರಮನೆಯ ಬಳಿ ಬಾಲಾಚಡಿಯಲ್ಲಿ ಅವರಿಗೆ ವಸತಿ, ಶಾಲೆ ಎಲ್ಲ ಕಟ್ಟಿಕೊಟ್ಟರು. ಇಂದು ಪೋಲೆಂಡಿನ ರಾಜಧಾನಿ ವಾರ್ಸಾದಲ್ಲಿ 'ಒಳ್ಳೆಯ ಮಹಾರಾಜ'ನ ಹೆಸರಿನ ಒಂದು ಚೌಕವಿದೆ. ದೂರದ ಮಕ್ಕಳ ಕಥೆ ನಮಗೇಕೆ ಎಂದು ಅವರೂ ಕೇಳಿದ್ದಿದ್ದರೆ? ಪೋಷಕರನ್ನು ಕಾರ್ಯಕ್ರಮಕ್ಕೆ ಒಂದು ವಾರ ಮೊದಲು ಕರೆದು, ನೀವು ಓದಲಿರುವ ಪುಟಗಳನ್ನು ಅವರಿಗೇ ಮೊದಲು ಓದಿ ತೋರಿಸಿ. ನನ್ನ ಅನುಭವದಲ್ಲಿ ವಿರೋಧ ಮಾಡಿದ ತಾಯಂದಿರೇ ಆಮೇಲೆ ಬಾಗಿಲ ಬಳಿ ನಿಂತು ಕೇಳಿಸಿಕೊಂಡಿದ್ದಾರೆ.

ಕೊನೆಯದಾಗಿ ನಮ್ಮ ನೆಲದ ಗಾಯಗಳ ಮಾತು. ಅವು ಬಂದೇ ಬರುತ್ತವೆ, ತಯಾರಾಗಿರಿ. ನಿಮ್ಮ ಪಕ್ಕದ ಮೇಲುಕೋಟೆಯ ಮಂಡ್ಯಂ ಅಯ್ಯಂಗಾರರ ಅನೇಕ ಮನೆಗಳಲ್ಲಿ ನರಕ ಚತುರ್ದಶಿಯನ್ನು ಆಚರಿಸುವುದಿಲ್ಲ. ಟಿಪ್ಪುವಿನ ಕಾಲದಲ್ಲಿ ಆ ದಿನ ತಮ್ಮ ಪೂರ್ವಿಕರ ಕೊಲೆಯಾಯಿತು ಎಂಬುದು ಆ ಮನೆಗಳು ಕಾಪಾಡಿಕೊಂಡು ಬಂದ ನೆನಪು. ಸತ್ತವರ ಸಂಖ್ಯೆ, ಕಾರಣ, ದಾಖಲೆಗಳ ಬಗ್ಗೆ ಇತಿಹಾಸಕಾರರು ಒಂದೇ ಮಾತು ಹೇಳುವುದಿಲ್ಲ. ಮನೆಯ ನೆನಪನ್ನು ಗೌರವದಿಂದ ಕೇಳಬೇಕು, ದಾಖಲೆಯನ್ನೂ ತೂಗಿ ನೋಡಬೇಕು. ಇದಕ್ಕಿಂತ ಮುಖ್ಯವಾಗಿ, ಹದಿನೆಂಟನೆಯ ಶತಮಾನದ ದೊರೆ ಮಾಡಿದ ಕೆಲಸಕ್ಕೆ ನಿಮ್ಮ ಗ್ರಂಥಾಲಯದ ಯಾವ ಮಗುವೂ ಉತ್ತರ ಕೊಡಬೇಕಾಗಿಲ್ಲ ಎಂಬುದನ್ನು ಆ ಮಗು ಅಲ್ಲಿರುವಾಗಲೇ ಸ್ಪಷ್ಟವಾಗಿ ಹೇಳಿ. ಇನ್ನು ನಂಜನಗೂಡು ತಾಲ್ಲೂಕಿನ ಬದನವಾಳು. ಗಾಂಧೀಜಿ ಬಂದುಹೋದ ಖಾದಿ ಕೇಂದ್ರದ ಊರು. 1993ರ ಮಾರ್ಚ್‌ನಲ್ಲಿ ದೇವಸ್ಥಾನ ಪ್ರವೇಶದ ಕಲಹದ ಬೆನ್ನಿಗೆ ಅಲ್ಲಿ ಮೂವರು ದಲಿತರ ಕೊಲೆಯಾಯಿತು. ಅದು ಜಾತಿ ದೌರ್ಜನ್ಯ, ಜನಾಂಗ ಹತ್ಯೆ ಎಂಬ ಕಾನೂನಿನ ಪದ ಅದಕ್ಕೆ ಹೊಂದುವುದಿಲ್ಲ. ಹೊಂದದಿದ್ದರೆ ಅದರ ಭಾರ ಕಡಿಮೆಯಾಯಿತು ಎಂದಲ್ಲ. ಯಾರ ನೋವು ದೊಡ್ಡದು ಎಂಬ ಚರ್ಚಾಸ್ಪರ್ಧೆಯನ್ನು ಮಾತ್ರ ದಯವಿಟ್ಟು ಏರ್ಪಡಿಸಬೇಡಿ.

ಎಂಟನೆಯ ತರಗತಿಯವರನ್ನು ಬೇರೆ ಕೂರಿಸಿ, ಬಾಲಾಚಡಿ ಮತ್ತು ನ್ಯಾಂಗೆ ಶಾಲೆಯ ಕಥೆಗಳಿಗೆ ನಿಲ್ಲಿಸಿ. ಒಂಬತ್ತು, ಹತ್ತರವರಿಗೆ ಒಂದು ಶನಿವಾರ ಸಾಲದು, ಮೂರು ಬೇಕು: ಪದ ಮತ್ತು ಶಾಲೆಯ ಬೆಂಚು ಒಂದು ದಿನ, ಒಬ್ಬರೇ ಒಬ್ಬರ ಸಾಕ್ಷ್ಯ ಇನ್ನೊಂದು ದಿನ, ಮೂರನೆಯ ದಿನ ಪೂರ್ತಿ ಮಕ್ಕಳ ಮಾತಿಗೆ. ಎರಡನೆಯ ದಿನ ಮುಗಿದ ಕೂಡಲೇ ಮನೆಗೆ ಕಳುಹಿಸಬೇಡಿ. ಮಂಡಕ್ಕಿಯೋ ಕಡಲೆಕಾಯಿಯೋ ಹಂಚಿ, ಅರ್ಧ ಗಂಟೆ ಅಂಗಳದಲ್ಲಿ ಸುಮ್ಮನೆ ಕೂರಲಿ, ಬೇರೇನಾದರೂ ಮಾತಾಡಲಿ. ಹೊರಡುವಾಗ ಪ್ರತಿಯೊಬ್ಬರೂ ಹೆಸರಿಲ್ಲದ ಚೀಟಿಯಲ್ಲಿ ಒಂದು ಪ್ರಶ್ನೆ ಬರೆದು ಡಬ್ಬಿಗೆ ಹಾಕಲಿ. ಆ ಚೀಟಿಗಳನ್ನು ಅಂದು ರಾತ್ರಿಯೇ ಓದಿ. ಯಾವುದಾದರೂ ಚೀಟಿಯಲ್ಲಿ ಮಗು ತನ್ನದೇ ಕಷ್ಟವನ್ನು ಬರೆದಿರಬಹುದು, ಹಾಗಿದ್ದರೆ ಮುಂದಿನ ಶನಿವಾರದವರೆಗೆ ಕಾಯಬೇಡಿ, ಅದನ್ನು ಬರೆದಿರಬಹುದು ಎನಿಸಿದವರನ್ನು ಒಬ್ಬೊಬ್ಬರನ್ನಾಗಿ ಮೆಲ್ಲಗೆ ಮಾತನಾಡಿಸಿ. ಉಳಿದ ಚೀಟಿಗಳನ್ನು ಜೋಪಾನವಾಗಿಡಿ, ಮೂರನೆಯ ಶನಿವಾರ ಅವುಗಳಿಂದಲೇ ಆರಂಭಿಸಿ.